ಗಂಟಲು ನೋವಿನ ನೆಪ

ಅಕ್ಕ ತೀರಿಹೋಗಿ ಎಂಟು ವರ್ಷವಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಶಹಾಪುರದ ನನ್ನ ಮನೆಯ ಪಡಸಾಲೆಯಲ್ಲಿ ಅವಳನ್ನು ಮತ್ತೆ ನೋಡಿದೆ. ಅಲ್ಲಿ ಕುಳಿತಿದ್ದವಳು ನಿಜಕ್ಕೂ ಅವಳ ಮೊಮ್ಮಗಳು, ಅಕ್ಕನ ಮಗನ ಮಗಳು, ಹನ್ನೊಂದು ವರ್ಷದವಳು. ಅವರಪ್ಪ ಏನೋ ತಮಾಷೆ ಮಾಡಿದ. ಹುಡುಗಿಗೆ ನಗು ಬಂತು. ನಗು ತುಟಿಗೆ ತಲುಪುವ ಮೊದಲೇ ಅವಳ ಎಡಗೈ ಓಢಣಿಯ ಅಂಚು ಹಿಡಿದು ಮೇಲೆದ್ದಿತು, ಬಾಯಿ ಮುಚ್ಚಿತು. ಕಣ್ಣುಗಳು ಮಾತ್ರ ನಕ್ಕವು. ಕಿರುಬೆರಳೊಂದು ಬಟ್ಟೆಯ ಹೊರಗೆ ಉಳಿಯುವ ಆ ರೀತಿ ಕೂಡ ಅದೇ. ನನ್ನ ಕೈಯಲ್ಲಿದ್ದ ಬಶಿಯಿಂದ ಚಹಾ ಸೀರೆಯ ಮೇಲೆ ಚೆಲ್ಲಿತು.

ಅಕ್ಕ ಹೋದಾಗ ಈ ಹುಡುಗಿಗೆ ಮೂರು ವರ್ಷ. ನೋಡಿ ಕಲಿತದ್ದಲ್ಲ. ಹಲ್ಲುಗಳು ಹಾಗಿದ್ದವು, ಆದ್ದರಿಂದ ಕೈ ತಾನಾಗಿಯೇ ಆ ದಾರಿ ಹುಡುಕಿಕೊಂಡಿತ್ತು. ಮೇಲಿನ ಸಾಲು ಮುಂದೆ ಬಂದು ತುಟಿಯ ಮೇಲೆ ಕೂರುತ್ತಿತ್ತು, ಥೇಟ್ ಅಕ್ಕನ ಹಾಗೆ.

ನನಗೆ ಈಗ ಅರವತ್ತು ದಾಟಿದೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆಗಿದ್ದೇನೆ. ಊರಿನಲ್ಲಿ ಎಲ್ಲರಿಗೂ ನಾನು 'ಅಕ್ಕೋರು', ಟೀಚರ್‌ಗಳನ್ನು ಇಲ್ಲಿ ಹಾಗೇ ಕರೆಯುತ್ತಾರೆ. ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಅದು ನನ್ನ ಮನೆಗೂ ಬರುತ್ತದೆ. ಆ ಭಾನುವಾರ ಅಕ್ಕನ ಮಗ ಬಂದದ್ದೂ ಅದಕ್ಕೇ. ಅವನು ಸುರಪುರದ ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತ. ಬಂದವನೇ ಚೀಲದಿಂದ ಮೂರು ಪುಸ್ತಿಕೆಗಳನ್ನು ತೆಗೆದು ನನ್ನ ಮುಂದೆ ಹರವಿದ.

"ಚಿಗವ್ವ, ಇವು ಇನ್ಶೂರೆನ್ಸ್ ಕಾಗದ. ಹಲ್ಲಿನ ವೈರ್ ಯಾವುದ್ರಾಗ ಬರ್ತದ ನೋಡಿ ಹೇಳು. ನನಗ ಓದಿದ್ರ ತಲಿ ತಿರಗತದ."

ಅದಕ್ಕೆ ಹದಿನೈದು ದಿನ ಮೊದಲು ನಾವು ಮೂವರೂ ಯಾದಗಿರಿಗೆ ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿದ್ದೆವು. ಆಸ್ಪತ್ರೆ ಸ್ಟೇಷನ್ನಿನ ಹತ್ತಿರ. ರೈಲು ಹೋದಾಗ ಟ್ರೇಯಲ್ಲಿನ ಸಣ್ಣ ಕನ್ನಡಿಗಳು ಸದ್ದು ಮಾಡುತ್ತಿದ್ದವು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹುಡುಗಿಯ ಬಾಯೊಳಗೆ ಬೆಳಕು ಬಿಟ್ಟು ನನ್ನನ್ನು ಹತ್ತಿರ ಕರೆದರು. ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲುಗಳು ಅಂಗುಳಕ್ಕೆ ಚುಚ್ಚಿ ಅಲ್ಲಿ ಕೆಂಪು ಗುರುತಾಗಿತ್ತು. "ಇದು ಬರೀ ಚಂದದ ಮಾತಲ್ರಿ. ಊಟಕ್ಕೂ ತ್ರಾಸ ಆಗ್ತದ. ದವಡಿ ಬೆಳಿಯೂ ವಯಸ್ಸಿನಾಗ ಶುರು ಮಾಡ್ಬೇಕು. ವೈರ್ ಹಾಕೂದಾಗ್ತದ..." ಎಂದು ಹೇಳುತ್ತಿದ್ದಾಗ ಹೊರಗಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಪರದೆಯ ಸಂದಿಯಿಂದ ಇಣುಕಿದ ಅಕ್ಕನ ಮಗ ಬೆಚ್ಚಿಬಿದ್ದ. ಅವನ ಸ್ವಂತ ಊರು ಗೋಗಿಯ ದೂರದ ದೊಡ್ಡಪ್ಪನೊಬ್ಬ ಹಲ್ಲು ಕೀಳಿಸಲು ಬಂದು ಕುಳಿತಿದ್ದ.

"ಏಳ್, ಏಳ್ ಚಿಗವ್ವ. ಅಂವ ನೋಡಿದ್ರ ನಾಳಿ ಊರ ತುಂಬ ಹೇಳ್ತಾನ." ಹುಡುಗಿಯ ಮುಖಕ್ಕೆ ಓಢಣಿ ಎಳೆದು, ಡಾಕ್ಟರ ಮಾತು ಮುಗಿಯುವ ಮೊದಲೇ ಹಿಂಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದ. ನಾನೂ ಹಿಂದೆಯೇ ಹೋದೆ. ಭೀಮೆಯ ಸೇತುವೆ ದಾಟುವವರೆಗೆ ಬಸ್ಸಿನಲ್ಲಿ ಅವನು ಹಿಂದೆ ತಿರುಗಿ ನೋಡುತ್ತಲೇ ಇದ್ದ. ಹುಡುಗಿ ಅಂದು ಒಮ್ಮೆಯೂ ನಗಲಿಲ್ಲ.

ಹೆಣ್ಣುಮಗಳ ಹಲ್ಲಿನ ವಿಷಯದಲ್ಲಿ ನಮ್ಮ ಕಡೆ ಹೀಗೇ. ನಾವು ಪಿಸುಮಾತಿನಲ್ಲಿ ಕೇಳುತ್ತೇವೆ, ಅರ್ಧ ಕೇಳಿ ಎದ್ದು ಬರುತ್ತೇವೆ. ಅಂದು ನಮ್ಮ ಕಿವಿಗೆ ಬಿದ್ದದ್ದು ಎರಡೇ ಮಾತು: ಈ ವಯಸ್ಸಿನಲ್ಲೇ ಶುರುವಾಗಬೇಕು, ವೈರ್ ಹಾಕಬೇಕು. ವೈರಿನ ಖರ್ಚು ಒಬ್ಬ ಗುಮಾಸ್ತನಿಗೆ ಎಟುಕುವಂಥದ್ದಲ್ಲ ಎಂದು ಅವನು ಯಾರಿಂದಲೋ ವಿಚಾರಿಸಿ ತಿಳಿದುಕೊಂಡಿದ್ದ. ಆದ್ದರಿಂದ ಇನ್ಶೂರೆನ್ಸ್.

*

ನಾನು ಓದಿದ್ದು ಗುಲ್ಬರ್ಗಾದ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಅಕ್ಕ ಓದಿದ್ದು ಏಳನೆಯ ಇಯತ್ತೆಯವರೆಗೆ. ಅಪ್ಪ ಕ್ಯಾನಲ್ ಆಫೀಸಿನಲ್ಲಿ ಕ್ಲರ್ಕ್. ಶಹಾಪುರದ ಹತ್ತಿರ ಕ್ಯಾನಲ್ ಕ್ಯಾಂಪು ಎದ್ದಾಗ ನಾವು ಯಾದಗಿರಿ ಬಿಟ್ಟು ಅಲ್ಲಿನ ಕ್ವಾರ್ಟರ್ಸಿಗೆ ಬಂದೆವು. ಸಾಲುಸಾಲಾಗಿ ಒಂದೇ ಅಳತೆಯ ಹಳದಿ ಮನೆಗಳು, ದಿನವಿಡೀ ಟಿಪ್ಪರ್‌ಗಳ ಧೂಳು. ಸುತ್ತಲಿನ ಹಳ್ಳಿಗಳಲ್ಲಿ ಆಗ ಬಾವಿ, ಬೋರಿನ ನೀರು ಕುಡಿದು ಎಷ್ಟೋ ಜನರ ಹಲ್ಲಿಗೆ ಕಂದು ಗೆರೆ ಬಿದ್ದಿರುತ್ತಿತ್ತು. ಅಕ್ಕನ ಹಲ್ಲು ಹಾಗಲ್ಲ. ಹಾಲಿನಂತೆ ಬಿಳಿ. ಮುಂದೆ ಬಂದಿದ್ದವು, ಅಷ್ಟೆ.

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಹೈದರಾಬಾದಿನ ಡಾಕ್ಟರೊಬ್ಬರ ಮಗಳಿದ್ದಳು. ಅವಳ ಹಲ್ಲುಗಳ ಮೇಲೆ ಬೆಳ್ಳಿಯಂಥ ತಂತಿ ಇತ್ತು. "ಬ್ರೇಸಸ್" ಎಂದು ಹೇಳಿದಳು, ಎರಡು ವರ್ಷಕ್ಕೆ ಹಲ್ಲು ಒಳಗೆ ಹೋಗುತ್ತವೆ ಎಂದಳು. ಹೋದವು ಕೂಡ, ನನ್ನ ಕಣ್ಣೆದುರಿಗೇ. ನನಗೆ ಆಗ ಹದಿಮೂರು, ಅಕ್ಕನಿಗೆ ಹದಿನಾರು. ರಜೆಗೆ ಮನೆಗೆ ಹೋದಾಗ ನಾನು ಅದನ್ನು ಅಪ್ಪನಿಗೆ ಹೇಳಲಿಲ್ಲ. ಬ್ರೇಸಸ್ ಎಂದು ಹೇಳಬೇಕಾದರೆ ಮೊದಲು ಅಕ್ಕನ ಹಲ್ಲು ಎಂದು ಹೇಳಬೇಕಿತ್ತು. ನಮ್ಮ ಮನೆಯಲ್ಲಿ ಯಾರೂ ಹೇಳದ ಮಾತು ಅದು. ಹೇಳಿದ್ದರೆ ಅಪ್ಪ ಹೈದರಾಬಾದಿಗೆ ಕರೆದುಕೊಂಡು ಹೋಗುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ಬಹುಶಃ ಇಲ್ಲ. ಆದರೆ ಆ ಬಹುಶಃ ಅನ್ನುವುದು ನನ್ನ ಬಳಿಯೇ ಉಳಿದುಬಿಟ್ಟಿದೆ.

ಅಕ್ಕನಿಗೆ ಹತ್ತೊಂಬತ್ತಾದಾಗ ಗೋಗಿಯಿಂದ ನೋಡಲು ಬಂದರು. ಅವರ ಹೊಲಕ್ಕೆ ಹೊಸದಾಗಿ ಕ್ಯಾನಲ್ ನೀರು ಬರುವುದಿತ್ತು. ನೀರಿನ ಆಫೀಸಿನ ಕ್ಲರ್ಕ್ ಬೀಗನಾದರೆ ತೂಬಿನ ಕೆಲಸ ಸಲೀಸಾಗುತ್ತದೆ ಎಂಬುದು ಅವರ ಲೆಕ್ಕ. ಫೋಟೋ ಮೊದಲೇ ಹೋಗಿತ್ತು. ಯಾದಗಿರಿಯ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವನು "ಬಾಯಿ ಮುಚ್ಚವಾ ತಂಗಿ, ಇನ್ನೂ ಮುಚ್ಚು" ಎಂದು ನಾಲ್ಕು ಸಲ ಹೇಳಿ, ಅಕ್ಕ ಉಸಿರು ಬಿಗಿಹಿಡಿದಾಗ ಕ್ಲಿಕ್ ಮಾಡಿದ್ದ. ಆ ಫೋಟೋ ಈಗ ನನ್ನ ಶೆಲ್ಫಿನ ಮೇಲಿದೆ. ಅದರಲ್ಲಿ ಅವಳ ಗಲ್ಲದಲ್ಲೊಂದು ಸಣ್ಣ ನಡುಕ ಇದೆ. ಬೇರೆಯವರಿಗೆ ಕಾಣುವುದಿಲ್ಲ.

ಹೆಣ್ಣು ನೋಡುವ ದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು, "ನೀ ಶಾಣ್ಯಾಕಿ ಇದ್ದಿ, ಆಕಿ ಮಗ್ಗಲಕ್ಕ ಕುಂದ್ರು. ಅವ್ರು ಏನ ಕೇಳಿದ್ರೂ ನೀ ಹೇಳು. ಆಕಿಗ ಗಂಟಲ ನೋವು ಅನ್ನು" ಅಂದಳು.

ಅನ್ನುವುದೇನು, ಚೆನ್ನಾಗಿಯೇ ಅಂದೆ. ಹುಡುಗನ ಸೋದರತ್ತೆ "ಹೆಸರೇನವಾ?" ಎಂದು ಕೇಳಿದಾಗ ಅಕ್ಕ ತಲೆ ತಗ್ಗಿಸಿದಳು, ನಾನು ಹೆಸರು ಹೇಳಿದೆ. "ಅಡಗಿ ಬರ್ತದೇನು?" ಬರುತ್ತದೆ ಎಂದೆ. "ಇಬ್ರೊಳಗ ಲಗ್ನ ಯಾರ್ದವಾ?" ಎಂದು ಆಕೆ ನಕ್ಕಾಗ ಎಲ್ಲರೂ ನಕ್ಕರು. "ಪಾಪ, ಅಕ್ಕಗ ಗಂಟಲ ನೋವ್ರಿ. ನಿನ್ನಿ ಮೊಸರು ಉಂಡಾಳ" ಎಂದೆ. ಮೊಸರು ನನ್ನದೇ ಸೇರ್ಪಡೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಡೀಟೇಲ್ಸ್ ಕೊಡುವುದನ್ನು ಕಲಿಸಿದ್ದರು. ಅಕ್ಕನ ಕೈ ಸೆರಗಿನ ಒಳಗಿನಿಂದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿತ್ತು. ಕೃತಜ್ಞತೆಯಿಂದಲೋ, ಸಾಕು ಮಾಡು ಎಂದೋ, ಅಂದು ಗೊತ್ತಾಗಲಿಲ್ಲ.

ಮದುವೆಯಾಯಿತು. ಗೋಗಿಯ ಮನೆಯ ಹೊಸ್ತಿಲಲ್ಲಿ ಹೆಂಗಸರು ಮದುಮಗಳನ್ನು ತಡೆದು ನಿಲ್ಲಿಸಿದರು. ಗಂಡನ ಹೆಸರನ್ನು ಒಡಪು ಕಟ್ಟಿ ಹೇಳದೆ ಒಳಗೆ ಬಿಡುವುದಿಲ್ಲ. ಜೊತೆಗೆ ಬಂದ ತಂಗಿ ನಾನು ಪಕ್ಕದಲ್ಲೇ ನಿಂತಿದ್ದೆ, ಆದರೆ ಗಂಡನ ಹೆಸರನ್ನು ನಾನು ಹೇಳುವಂತಿಲ್ಲ. ಅಕ್ಕ ಸೆರಗಿನ ಮರೆಯಲ್ಲಿ ಏನೋ ಅಂದಳು. "ಕೇಳ್ಸಲಿಲ್ಲ, ಕೇಳ್ಸಲಿಲ್ಲ" ಎಂದರು. ಯಾರೋ ನಗುತ್ತಾ ಸೆರಗು ಜಗ್ಗಿದರು. ಅಕ್ಕ ಬಾಯಿ ತೆರೆದು, ಎರಡು ಸಾಲಿನ ಒಡಪು ಪೂರ್ತಿ ಹೇಳಿದಳು. ನಗು ನಿಂತುಹೋಯಿತು. ಆ ಮೌನದಲ್ಲಿ ಅವಳ ಅತ್ತೆಯ ದನಿ: "ಹೌದವ್ವಾ! ಗಂಟಲ ನೋವು ಎಲ್ಲಿತ್ತು ಅಂತ ಈಗ ತಿಳೀತು. ಹಲ್ಲ ಮುಚ್ಚಿ ಕೊಟ್ಟಾರ."

ಅವರು ಅಕ್ಕನನ್ನು ಹೊಡೆಯಲಿಲ್ಲ, ವಾಪಸು ಕಳಿಸಲಿಲ್ಲ. ತೂಬಿನ ಕೆಲಸವೂ ಆಯಿತು. ಆದರೆ ಆ ಮನೆಯಲ್ಲಿ ಹಾಲು ಒಡೆದರೂ, ಎಮ್ಮೆ ಒದ್ದರೂ, 'ಮುಚ್ಚಿ ಕೊಟ್ಟ ಮಾಲು' ಎಂಬ ಮಾತು ಬರುತ್ತಿತ್ತು. ಅಕ್ಕ ಸೆರಗನ್ನು ಬಾಯಿಗೆ ಏರಿಸಿದಳು, ಮತ್ತೆ ಇಳಿಸಲಿಲ್ಲ. ಊಟವನ್ನೂ ಗೋಡೆಗೆ ಮುಖ ಮಾಡಿ ಮಾಡುತ್ತಿದ್ದಳು. ನನಗೆ ಒಂದೇ ಒಂದು ಸಲ, ಅವಳ ಮಗ ಹುಟ್ಟಿದಾಗ, ಹೀಗೆ ಹೇಳಿದ್ದಳು: "ನೀ ಅವತ್ತ ಸುಮ್ನ ಇದ್ದಿದ್ರ ಅವ್ರು ನೋಡಿ ಬ್ಯಾಡ ಅಂದು ಹೋಗ್ತಿದ್ರು. ಬ್ಯಾಡ ಅನಿಸ್ಕೊಂಡು ತವರಮನ್ಯಾಗ ಇರೂದು ಛಲೋ ಇತ್ತು, ತಂಗಿ." ಸಿಟ್ಟಿನಿಂದ ಹೇಳಲಿಲ್ಲ. ಕೂಸಿನ ಕಿವಿಗೆ ಎಣ್ಣೆ ಹಚ್ಚುತ್ತಾ ಹೇಳಿದಳು.

*

ಆ ಮೂರು ಪುಸ್ತಿಕೆಗಳನ್ನು ಓದಲು ನನಗೆ ನಾಲ್ಕು ದಿನ ಹಿಡಿಯಿತು. ಭೂತಗನ್ನಡಿ ಹಿಡಿದು ಓದಿದೆ. ಮೂರರ ರಟ್ಟಿನ ಮೇಲೂ ಹಲ್ಲು ಕಾಣುವಂತೆ ನಗುವ ಕುಟುಂಬಗಳು. ಅವುಗಳ ಜೊತೆಗಿದ್ದ ಕನ್ನಡದ ಕರಪತ್ರಗಳಲ್ಲಿ 'ಹಲ್ಲಿನ ಚಿಕಿತ್ಸೆಯೂ ಲಭ್ಯ' ಎಂದು ದಪ್ಪಕ್ಷರ. ನಿಜವಾದ ಮಾತು ಇದ್ದದ್ದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ. ರೀಡ್ ದ ಕ್ವೆಶ್ಚನ್ ಟ್ವೈಸ್, ಗರ್ಲ್ಸ್, ಎನ್ನುತ್ತಿದ್ದರು ನಮ್ಮ ಸಿಸ್ಟರ್. ನಾನು ಮೂರು ಸಲ ಓದಿದೆ.

ಮೊದಲನೆಯದರಲ್ಲಿ ಹಲ್ಲಿಗೆ ದುಡ್ಡು ಸಿಗುವುದು ಆಕ್ಸಿಡೆಂಟಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ. ಹುಟ್ಟಿದಂದಿನಿಂದ ಮುಂದೆ ಬಂದ ಹಲ್ಲಿಗೆ ಅಲ್ಲಿ ಜಾಗವಿಲ್ಲ. ಎರಡನೆಯದರಲ್ಲಿ ಹಲ್ಲು ಕೀಳಿಸುವುದು, ತುಂಬಿಸುವುದು ಎಲ್ಲಾ ಇತ್ತು. ನನಗೆ ಖುಷಿಯಾಯಿತು. ಆದರೆ ಕೊನೆಯ ಪುಟಗಳಲ್ಲಿ 'ಎಕ್ಸ್‌ಕ್ಲೂಷನ್ಸ್' ಎಂಬ ಪಟ್ಟಿ. ಕೊಡಲಾಗದ್ದರ ಪಟ್ಟಿ. ಅದರಲ್ಲಿ ಹಲ್ಲು ಸಾಲು ಮಾಡುವ ಚಿಕಿತ್ಸೆ, ಆರ್ಥೊಡಾಂಟಿಕ್ಸ್, ಕೂದಲು ನಾಟಿ ಮಾಡಿಸುವುದರ ಪಕ್ಕದಲ್ಲಿ ಕುಳಿತಿತ್ತು. ಕಾಸ್ಮೆಟಿಕ್ ಅಂತೆ. ಅಂದರೆ ಸೌಂದರ್ಯದ ಶೋಕಿ. ನಾನು ಪುಸ್ತಿಕೆ ಮುಚ್ಚಿ ಅಕ್ಕನ ಫೋಟೋ ನೋಡಿದೆ.

ಮೂರನೆಯದರಲ್ಲಿ ಮಾತ್ರ ಬಾಗಿಲು ಸ್ವಲ್ಪ ತೆರೆದಿತ್ತು. ಮಕ್ಕಳ ಹಲ್ಲು ಸಾಲು ಮಾಡುವ ಚಿಕಿತ್ಸೆಗೆ ಒಂದು ಪಾಲು ಕೊಡುತ್ತಾರೆ. ಅದು ಚಂದಕ್ಕಲ್ಲ, ಕಚ್ಚಲು ಅಗಿಯಲು ಬೇಕಾದದ್ದು ಎಂದು ಡಾಕ್ಟರು ಬರೆದುಕೊಡಬೇಕು. ಆದರೆ ಪಾಲಿಸಿಗೆ ಮೊದಲೇ ಆ ತೊಂದರೆ ಇದ್ದರೆ ಎರಡು ವರ್ಷ ಕಾಯಬೇಕು. ವೇಯ್ಟಿಂಗ್ ಪೀರಿಯಡ್. ಪಾಲಿಸಿಯ ನಂತರ ಹೊಸದಾಗಿ ಕಂಡದ್ದಾದರೆ ಮೂರೇ ತಿಂಗಳು. ಅದರ ಕೆಳಗೆ ಇನ್ನೂ ಸಣ್ಣಕ್ಷರದಲ್ಲಿ: ಇದ್ದದ್ದನ್ನು ಇಲ್ಲ ಎಂದು ಬರೆದದ್ದು ಗೊತ್ತಾದರೆ ಪಾಲಿಸಿಯನ್ನೇ ರದ್ದು ಮಾಡುತ್ತಾರೆ. ಮನೆಯವರೆಲ್ಲರ ಪಾಲಿಸಿ.

ಇದನ್ನೆಲ್ಲ ನಾನು ಅಕ್ಕನ ಮಗನಿಗೆ ವಿವರಿಸುವಾಗ ಏಜೆಂಟನೂ ಬಂದು ಕುಳಿತಿದ್ದ. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. ಇನ್ಶೂರೆನ್ಸ್ ಮಾಡಿಸುತ್ತಾನೆ, ಜೊತೆಗೆ ಮದುವೆಗಳನ್ನೂ ಕುದುರಿಸುತ್ತಾನೆ. ಅವನ ಚೀಲಕ್ಕೆ ಎರಡು ಖಾನೆ. ಒಂದರಲ್ಲಿ ಪಾಲಿಸಿ ಫಾರಂ, ಇನ್ನೊಂದರಲ್ಲಿ ಹುಡುಗ ಹುಡುಗಿಯರ ಫೋಟೋ ಮತ್ತು ಬಯೋಡಾಟಾ.

"ಎರಡು ವರ್ಷ ಯಾಕ ಕಾಯ್ತೀರಿ ಅಕ್ಕೋರೆ?" ಎಂದ. "ಈ ಕಾಲಂನಾಗ ನೋ ಅಂತ ಬರೀರಿ. ಮೂರು ತಿಂಗಳಿಗೆ ಡಾಕ್ಟರ್ ಕಡಿ ಹೊಸ ಚೀಟಿ ಬರೆಸೂಣು. ಹಲ್ಲು ಆವಾಗ ಮುಂದ ಬಂದ್ವು ಅಂತ."

"ಮೂರು ತಿಂಗಳಾಗ ಹಲ್ಲು ಹಿಂಗ ಓಡಿ ಬರ್ತಾವೇನ್ರಿ?"

"ಕಂಪನಿಯವ್ರು ಬಂದು ಸ್ಕೇಲ್ ಹಿಡೀತಾರೇನ್ರಿ? ಅಕ್ಕೋರೆ, ನಂದು ಎರಡೂ ಒಂದ ಧಂದೆ. ಅಲ್ಲೂ ಫಾರಂ, ಇಲ್ಲೂ ಫಾರಂ. ಅಲ್ಲೂ ಏನ ಕೊರತಿ ಅದ ಕೇಳ್ತಾರ, ಇಲ್ಲೂ ಕೇಳ್ತಾರ. ಶಾಣ್ಯಾರು ಎರಡೂ ಕಡಿ ಇಲ್ಲ ಅಂತಾರ."

"ಸಿಕ್ಕಿಬಿದ್ರ?"

"ಸಿಕ್ಕಿಬೀಳೂದ್ರೊಳಗ ಲಗ್ನ ಆಗಿರ್ತದಲ್ರಿ!" ಎಂದು ತನ್ನ ಮಾತಿಗೆ ತಾನೇ ನಕ್ಕ. ಬಾಗಿಲ ಬಳಿ ನಿಂತಿದ್ದ ಹುಡುಗಿಯ ಕಡೆ ಒಮ್ಮೆ ನೋಡಿ, "ಈಗ ಮಾಡ್ಸಿಬಿಡ್ರಿ. ಮುಂದ ನನಗೂ ಹಗುರಾಗ್ತದ" ಎಂದ. ಹುಡುಗಿ ಓಢಣಿ ಏರಿಸಿಕೊಂಡು ಒಳಗೆ ಹೋದಳು.

ಅಕ್ಕನ ಮಗ ನನ್ನ ಮುಖ ನೋಡಿದ. "ಚಿಗವ್ವ, ಎರಡು ವರ್ಷಕ್ಕ ಆಕಿಗ ಹದಿಮೂರು ದಾಟ್ತದ. ದವಡಿ ಬೆಳಿಯೂದು ನಿಂತ ಮ್ಯಾಲ ವೈರ್ ಹಾಕಿ ಏನ್ ಮಾಡೂದು? ಡಾಕ್ಟರ ಹೇಳ್ಯಾರಲ್ಲ."

ನಾನು ಏನು ಮಾಡಿದೆ? ಸಣ್ಣಕ್ಷರವನ್ನು ಮೂರು ಸಲ ಓದಿದವಳು, ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದವಳು, ಪೆನ್ನು ತೆಗೆದುಕೊಂಡೆ. 'ಹಲ್ಲು, ದವಡೆ, ಬಾಯಿಗೆ ಸಂಬಂಧಿಸಿದ ಯಾವುದಾದರೂ ತೊಂದರೆ ಇದೆಯೇ' ಎಂಬ ಇಂಗ್ಲಿಷ್ ಸಾಲಿನ ಮುಂದೆ, ನನ್ನ ಕಾನ್ವೆಂಟಿನ ದುಂಡು ಕೈಬರಹದಲ್ಲಿ 'ನೋ' ಎಂದು ಬರೆದೆ. ಹುಡುಗಿಯ ಮೇಲಿನ ಪ್ರೀತಿಗೇ ಬರೆದೆ. ಅಕ್ಕನ ಮೇಲಿನ ಪ್ರೀತಿಗೇ ಅಲ್ಲವೇ ಮೊಸರಿನ ಮಾತು ಹೇಳಿದ್ದು ಕೂಡ.

ಆಮೇಲಿನ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಹಗ್ಗದ ಆಚೆ ಯಾರೋ ನಿಂತಂತೆ ಕಾಣುತ್ತಿತ್ತು. ಸೀರೆ ಗಾಳಿಗೆ ಎದ್ದು ಅಂಚು ಮಡಚಿಕೊಂಡರೆ ಅದು ಬಾಯಿ ಮುಚ್ಚಿಕೊಳ್ಳುವ ಕೈಯೇ ಅನಿಸುತ್ತಿತ್ತು. ಕ್ಯಾನಲ್ಲಿಗೆ ನೀರು ಬಿಟ್ಟ ದಿನಗಳವು. ನನ್ನ ಮನೆಗೆ ಅದರ ಸದ್ದು ಬರುವಷ್ಟು ಹತ್ತಿರವಲ್ಲ. ಆದರೂ ಕೇಳುತ್ತಿತ್ತು, ಸೆರಗಿನೊಳಗೆ ಯಾರೋ ಒಡಪು ಗುನುಗಿದಂತೆ. ವಯಸ್ಸಾಯಿತು, ಬ್ಲಡ್ ಪ್ರೆಷರ್ ಇರಬೇಕು ಎಂದುಕೊಂಡೆ. ತೋರಿಸಿದೆ, ಪ್ರೆಷರ್ ನಾರ್ಮಲ್ ಇತ್ತು.

*

ಕಂಪನಿಯಿಂದ ಪರಿಶೀಲನೆಯ ಕರೆ ಬರುವುದಿತ್ತು. ವಿಡಿಯೋ ಕಾಲ್. ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಇರಲಿ ಎಂದು ನನ್ನ ಮನೆಗೇ ಬಂದರು. ಬೆಳಗಿನ ಹನ್ನೊಂದು ಗಂಟೆ. ಅಕ್ಕನ ಮಗ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದ. ಏಜೆಂಟ ಕ್ಯಾಮೆರಾಗೆ ಕಾಣದಂತೆ ಗೋಡೆ ಬದಿಗೆ ಕುಳಿತು ಕೊನೆಯ ಪಾಠ ಹೇಳಿಕೊಟ್ಟ.

"ಎಲ್ಲರ ಮಾರಿ ತೋರಸ್ರಿ ಅಂತಾರ. ತಂಗಿ, ನೀ ಬಾಯಿ ಮುಚ್ಚಿ ಕುಂದ್ರು, ಏನ ಕೇಳಿದ್ರೂ ಮಾತಾಡಬ್ಯಾಡ. ಅಪ್ಪ ಹೇಳ್ತಾನ." ಮತ್ತೆ ಅವನ ಕಡೆ ತಿರುಗಿ, "ಆಕಿ ಯಾಕ ಮಾತಾಡವಲ್ಲಳು ಅಂತ ಕೇಳಿದ್ರ ಗಂಟಲ ನೋವು ಅನ್ರಿ."

ಅವನಿಗೆ ಆ ಮಾತು ಯಾರೂ ಹೇಳಿಕೊಟ್ಟದ್ದಲ್ಲ. ಈ ಸೀಮೆಯಲ್ಲಿ ಎಷ್ಟು ಮನೆಗಳಲ್ಲಿ ಎಷ್ಟು ಹುಡುಗಿಯರಿಗೆ ಅದೇ ಗಂಟಲು ನೋವು ಬಂದಿದೆಯೋ. ಹುಡುಗಿ ಓಢಣಿಯನ್ನು ತುಟಿಗೆ ಒತ್ತಿ ಹಿಡಿದು ಕುಳಿತಳು. ಅವಳ ಇನ್ನೊಂದು ಕೈ ಚಾಪೆಯ ಮೇಲೆ ಹುಡುಕಾಡಿ ನನ್ನ ಕೈಯನ್ನು ಹಿಡಿಯಿತು. ಆ ಹಿಡಿತ ನನಗೆ ಗೊತ್ತು. ನಲವತ್ತು ವರ್ಷಗಳಿಂದ ನನ್ನ ಕೈಯಲ್ಲೇ ಇರುವ ಹಿಡಿತ. ಅಂದು ನನಗೆ ಅದರ ಅರ್ಥ ತಿಳಿದಿರಲಿಲ್ಲ.

ಪರದೆಯ ಮೇಲೆ ಬೆಂಗಳೂರಿನ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಸಕ್ಕರೆ ಕಾಯಿಲೆ ಇದೆಯಾ, ಆಪರೇಷನ್ ಆಗಿದೆಯಾ ಎಂದು ಕೇಳುತ್ತಾ ಹೋದಳು. ಕೊನೆಗೆ, "ಸರ್, ಮಗುಗೆ ಹಲ್ಲು ಅಥವಾ ದವಡೆ ಸಮಸ್ಯೆ ಏನಾದ್ರೂ ಇದೆಯಾ?"

"ಇಲ್ರಿ" ಎಂದ ಅಕ್ಕನ ಮಗ.

"ನಿನ್ನ ಹೆಸರು ಹೇಳ್ತೀಯಾ ಪುಟ್ಟ?"

ಹುಡುಗಿ ತಲೆ ತಗ್ಗಿಸಿದಳು. ಅವರಪ್ಪ ಬಾಯಿ ತೆರೆದ. ಆ ಮಾತು ಅವನ ನಾಲಿಗೆಗೆ ಬರುವ ಮೊದಲು ನಾನು ಫೋನಿನ ಮುಂದೆ ಬಾಗಿದೆ.

"ಮೇಡಂ, ಸಮಸ್ಯೆ ಇದೆ. ಹಲ್ಲು ಮುಂದೆ ಬಂದಿವೆ, ಕೆಳಗಿನವು ಅಂಗುಳಕ್ಕೆ ಚುಚ್ಚುತ್ತವೆ. ಫಾರಂನಲ್ಲಿ ಇಲ್ಲ ಅಂತ ಬರೆದವಳು ನಾನು. ದ ಹ್ಯಾಂಡ್‌ರೈಟಿಂಗ್ ಈಸ್ ಮೈನ್. ಅದು ತಪ್ಪು, ತಿದ್ದಬೇಕು."

ಏಜೆಂಟ ಹಣೆ ಚಚ್ಚಿಕೊಂಡದ್ದು ಕಣ್ಣಂಚಿನಲ್ಲಿ ಕಂಡಿತು. ಆ ಹೆಣ್ಣುಮಗಳು ಏನೋ ಟೈಪ್ ಮಾಡಿ, "ಪರವಾಗಿಲ್ಲ ಮೇಡಂ, ಈಗಲೇ ಹೇಳಿದ್ರಿ, ಅಪ್‌ಡೇಟ್ ಮಾಡ್ಕೋತೀನಿ. ಆದ್ರೆ ಎರಡು ವರ್ಷ ವೇಯ್ಟಿಂಗ್ ಬರುತ್ತೆ" ಎಂದಳು. ಗೊತ್ತಿದೆ ಎಂದೆ. ಅಷ್ಟರಲ್ಲಿ ನನ್ನ ಕೈ ಬಿಟ್ಟ ಹುಡುಗಿ ಓಢಣಿ ಕೆಳಗಿಳಿಸಿ ಕ್ಯಾಮೆರಾ ನೋಡಿ ತನ್ನ ಹೆಸರು ಹೇಳಿದಳು. ಅಪ್ಪನ ಹೆಸರನ್ನೂ ಸೇರಿಸಿ, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ.

ಕರೆ ಮುಗಿದ ಮೇಲೆ ಅಕ್ಕನ ಮಗ ಎದ್ದು ನಿಂತ. "ಕಾನ್ವೆಂಟಿನ ಸತ್ಯ ನಮಗ ಭಾಳ ತುಟ್ಟಿ ಬಿತ್ತು, ಚಿಗವ್ವ. ನಿನಗೇನು, ನಿನ್ನ ಹಲ್ಲು ಸಾಲಾಗಿ ಅದಾವ." ಮಗಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಬಡಿಸಿಟ್ಟ ಊಟ ಹಾಗೇ ಉಳಿಯಿತು. ನನ್ನ ಸತ್ಯಕ್ಕೆ ಆ ಹುಡುಗಿ ತನ್ನ ಎರಡು ವರ್ಷ ತೆರಬೇಕಿತ್ತು. ಎರಡು ವರ್ಷದಲ್ಲಿ ಮೂಳೆ ಗಟ್ಟಿಯಾಗಿಬಿಟ್ಟರೆ? ಅಕ್ಕನ ಬಾಯಿ ಮುಚ್ಚಿಸಿದ್ದು ನನ್ನ ಸುಳ್ಳು. ಮೊಮ್ಮಗಳದನ್ನು ಮುಚ್ಚಿಸುವುದು ನನ್ನ ಸತ್ಯವೇ ಆದರೆ?

*

ಮೂರು ವಾರ ಸುರಪುರದಿಂದ ಫೋನು ಬರಲಿಲ್ಲ. ನಾಲ್ಕನೆಯ ವಾರ ನಾನೊಬ್ಬಳೇ ಯಾದಗಿರಿ ಬಸ್ಸು ಹತ್ತಿದೆ. ಎರಡು ವರ್ಷ ತಡವಾದರೆ ಎಷ್ಟು ಹಾಳಾಗುತ್ತದೆ ಎಂದಾದರೂ ತಿಳಿಯಲಿ ಎಂದು. ಹೊರಗಿನ ಬೆಂಚಿನಲ್ಲಿ, ಎಲ್ಲರೂ ನೋಡುವ ಜಾಗದಲ್ಲಿ, ನನ್ನ ಸರದಿ ಬರುವವರೆಗೆ ಕುಳಿತೆ.

ಡಾಕ್ಟರಿಗೆ ನನ್ನ ಗುರುತು ಇತ್ತು. "ಅವತ್ತ ನಾ ಇನ್ನೂ ಹೇಳಾಕತ್ತಿದ್ದೆ, ನೀವು ಎದ್ದ ಹೋದ್ರಿ. ಕಳ್ಳ ಬಂದಂಗ ಹಿಂಬಾಗಲಾ ಯಾಕ್ರಿ?" ಎಂದು ನಕ್ಕರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಎರಡು ವರ್ಷ ಎಂದಾಗ ಅವರು ಕೈಗವಸು ಬಿಚ್ಚಿ ನನ್ನ ಮುಂದೆ ಕುಳಿತರು.

"ವೈರ್ ಮೊದಲ ಅಂತ ಯಾರ ಹೇಳಿದ್ರು ಅಮ್ಮಾರೆ? ಮೊದಲ ತೆಗೆದು ಹಾಕೂ ಪ್ಲೇಟು. ದವಡಿ ಬೆಳಿಯೂ ಟೈಮಿಗೆ ಬೇಕಾದ್ದು ಅದು. ವರ್ಷಾನೋ, ಒಂದೂವರಿ ವರ್ಷಾನೋ ಹಾಕ್ಕೋಬೇಕು. ಆಮ್ಯಾಲ ಉಳದ ಹಲ್ಲೂ ಬರ್ಲಿ ಅಂತ ತಡದು, ಹದಿಮೂರು ದಾಟಿದ ಮ್ಯಾಲ ವೈರ್. ಹೆಂಗೂ ನಾ ಎರಡು ವರ್ಷ ವೈರ್ ಮುಟ್ತಿದ್ದಿಲ್ಲ."

"ಪ್ಲೇಟಿಗೆ ಖರ್ಚು?"

"ನಿಮ್ಮ ಹುಡುಗಗ ಆಗೂವಂಥದ್ದ ಅದ. ದೊಡ್ಡ ಖರ್ಚು ವೈರಿಂದು."

ಸ್ಟೇಷನ್ನಿನಲ್ಲಿ ಗಾಡಿಯೊಂದು ಬಂದು ನಿಂತಿತು, ಟ್ರೇಯಲ್ಲಿ ಕನ್ನಡಿಗಳು ನಡುಗಿದವು. ನನಗೆ ಸಮಾಧಾನಕ್ಕಿಂತ ಮೊದಲು ಬಂದದ್ದು ನಾಚಿಕೆ. ಅಂದು ಇನ್ನು ಐದು ನಿಮಿಷ ಆ ಕುರ್ಚಿಯ ಬಳಿ ನಿಂತಿದ್ದರೆ ಸುಳ್ಳಿನ ಅಗತ್ಯವೇ ಇರಲಿಲ್ಲ. ಗೋಗಿಯ ಒಬ್ಬ ಮುದುಕ ಹುಡುಗಿಯ ಹಲ್ಲು ನೋಡಿಯಾನು ಎಂದು ಓಡಿದ್ದೆವು, ಅಷ್ಟೇ. ಡಾಕ್ಟರು ಎಲ್ಲವನ್ನೂ ಚೀಟಿಯ ಮೇಲೆ ಬರೆದುಕೊಟ್ಟರು, ಚಂದಕ್ಕಲ್ಲ, ಅಗಿಯಲು ಬೇಕಾದದ್ದು ಎಂಬುದನ್ನೂ.

ಮರುದಿನವೇ ಸುರಪುರಕ್ಕೆ ಹೋದೆ. ಅಕ್ಕನ ಮಗ ಚೀಟಿ ಓದಿದ, ಮತ್ತೆ ಓದಿದ. ಅವನ ಸಿಟ್ಟು ಇಳಿಯುವುದನ್ನು ಕಾಯದೆ ನಾನು ಅಂದಿನ ಹೆಣ್ಣು ನೋಡಿದ ದಿನದ ಕಥೆ ಹೇಳಿದೆ. ಮೊಸರನ್ನೂ ಬಿಡಲಿಲ್ಲ. ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟ.

"ನಮ್ಮವ್ವ ಬಾಯಿ ಮ್ಯಾಲ ಸೆರಗು ಹಾಕ್ಕೋತಿದ್ಲಲ್ಲ, ನಾ ಅದು ಮರ್ಯಾದಿ ಅಂದ್ಕೊಂಡಿದ್ದೆ, ಚಿಗವ್ವ. ಹೊಲದಾಗ ಒಬ್ಬಾಕೀನ ಇದ್ದಾಗೂ ಹಾಕ್ಕೋತಿದ್ಲು. ಎಷ್ಟ ಮರ್ಯಾದಿ ನಮ್ಮವ್ವಂದು ಅಂತಿದ್ದೆ." ಆ ತಿಂಗಳೇ ಪ್ಲೇಟ್ ಹಾಕಿಸಿದ.

*

ಈಗ ಹುಡುಗಿಗೆ ಹದಿನಾಲ್ಕು. ಪ್ಲೇಟಿನ ದಿನಗಳು ಮುಗಿದು ವೈರ್ ಬಂದಿದೆ. ಕಂಪನಿಯವರು ಎರಡು ಸಲ ಕಾಗದ ಕೇಳಿ, ಒಂದು ಸಲ ಸುಮ್ಮನೆ ಕೂತು, ಕೊನೆಗೆ ಅವರ ಪಾಲು ಕೊಡಲು ಒಪ್ಪಿದರು. ಉಳಿದದ್ದು ನಮ್ಮದು. ಪಾಲಿಸಿಯ ಹಾಳೆಯಲ್ಲಿ ಅವಳ ಹೆಸರಿನ ಮುಂದೆ, ಹಲ್ಲಿನ ದೋಷ ಮೊದಲೇ ತಿಳಿಸಲಾಗಿದೆ, ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಏಜೆಂಟ ಈಗ ನನ್ನನ್ನು ಕಂಡರೆ ರಸ್ತೆಯ ಆಚೆಗೆ ಹೋಗುತ್ತಾನೆ. ಅವನ ಗಿರಾಕಿಗಳು ಫಾರಂ ತುಂಬುವ ಮೊದಲು ನನಗೆ ತೋರಿಸಲು ಬರುತ್ತಾರಲ್ಲ, ಅದಕ್ಕೆ.

ಕ್ಲೇಮಿಗೆಂದು ಡಾಕ್ಟರು ತೆಗೆದ ಫೋಟೋದ ಒಂದು ಪ್ರತಿ ನನ್ನ ಬಳಿ ಇದೆ. ತುಟಿಗಳನ್ನು ಪ್ಲಾಸ್ಟಿಕ್ಕಿನ ಕೊಕ್ಕೆಯಿಂದ ಅಗಲಿಸಿ ಒಂದೊಂದು ಹಲ್ಲೂ ಕಾಣುವಂತೆ ತೆಗೆದದ್ದು. ಅದನ್ನು ಅಕ್ಕನ ಫೋಟೋದ ಪಕ್ಕ ಇಟ್ಟಿದ್ದೇನೆ. ಬಂದವರು ಇದೇನು ಅಕ್ಕೋರೆ, ತೆಗೀರಿ ಎನ್ನುತ್ತಾರೆ. ತೆಗೆದಿಲ್ಲ.

ಅಕ್ಕ ಮಾತ್ರ ಹೋಗಿಲ್ಲ. ಹುಡುಗಿಯ ಹಲ್ಲು ಸಾಲಾದರೆ ಅವಳು ಹೋಗುತ್ತಾಳೆ ಎಂದುಕೊಂಡಿದ್ದೆ. ಬಟ್ಟೆಯ ಹಗ್ಗದ ಆಚೆ ಈಗಲೂ ನಿಲ್ಲುತ್ತಾಳೆ.

ಹೋದ ತಿಂಗಳು ಹುಡುಗಿ ರಜೆಗೆ ಬಂದಿದ್ದಳು. ಶೆಲ್ಫಿನ ಮುಂದೆ ನಿಂತು ಎರಡೂ ಫೋಟೋ ನೋಡುತ್ತಿದ್ದವಳು ತಿರುಗಿ ಕೇಳಿದಳು: "ಆಯಿ, ಇಕಿ ಹಲ್ಲು ನನ್ನಂಗ ಇದ್ವಂತ. ನಕ್ಕಾಗ ಹ್ಯಾಂಗ ಕಾಣ್ತಿದ್ಲು?"

ಚಹಾ ಇಡುತ್ತೇನೆ ಎಂದು ಏಳಬಹುದಿತ್ತು. ಇಂಥ ಹೊತ್ತಿಗೆ ನನಗೆ ಸಲೀಸಾಗಿ ಸಿಗುವ ನೆಪಗಳು ಬಹಳ ಇವೆ.

"ಸಣ್ಣಾಕಿದ್ದಾಗ ನಕ್ಕಿರ್ಬೇಕು, ನನಗ ನೆನಪಿಲ್ಲ. ದೊಡ್ಡಾಕಿ ಆದ ಮ್ಯಾಲ ಒಮ್ಮಿ ನೋಡೀನಿ" ಎಂದೆ.

"ಯಾವಾಗ?"

"ಆಕಿ ತೀರಿಹೋದ ದಿನ. ಬಾ, ಕುಂದ್ರು."

ಹೇಳಿದೆ. ಗೋಗಿಯ ಮನೆಯಲ್ಲಿ, ಹೋದವರನ್ನು ಕೂರಿಸುವ ನಮ್ಮ ಪದ್ಧತಿಯಂತೆ, ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ದವಡೆಗೆ ಬಟ್ಟೆ ಕಟ್ಟುವ ಕೆಲಸ ನನಗೆ ಬಂತು. ಗಲ್ಲದ ಕೆಳಗಿನಿಂದ ಬಟ್ಟೆ ತಂದು ನೆತ್ತಿಯ ಮೇಲೆ ಗಂಟು ಹಾಕಬೇಕು, ಬಾಯಿ ಮುಚ್ಚಿರಬೇಕು. ಎಷ್ಟು ಬಿಗಿದರೂ ತುಟಿ ಸೇರಲಿಲ್ಲ. ಮೂವತ್ತೈದು ವರ್ಷ ಸೆರಗು ಮುಚ್ಚಿಟ್ಟದ್ದೆಲ್ಲ ಹೊರಗೆ ಬಂದಿತ್ತು, ಬಿಳಿಯಾಗಿ, ಸಾಲಾಗಿ. ಸುತ್ತ ಕುಳಿತವರಲ್ಲಿ ಯಾರೋ, ಇನ್ನಾ ಬಿಗೀರಿ, ನಕ್ಕಂಗ ಕಾಣಸ್ತದ, ಎಂದರು. ನಾನು ಬಿಗಿದೆ.

ಹುಡುಗಿಯ ನಾಲಿಗೆ ಮುಚ್ಚಿದ ತುಟಿಯೊಳಗೆ ತಂತಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡುವುದು ಕಾಣುತ್ತಿತ್ತು.

"ಬಿಗೀಬಾರ್ದಿತ್ತು, ಆಯಿ" ಎಂದಳು.

"ಹೌದು" ಎಂದೆ.